ಬೆರಳು ತೂರುವಷ್ಟು ಸಂದು

ಅಕ್ಕನ ಮನೆ,
ಬುಧವಾರ, ಊಟವಾದ ಮೇಲೆ

ನಮ್ಮ ಮನೆಯ ಬಡಗಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ನಿನ್ನೆ ತಲುಪಿತು. ಮರದ ಅಂಗಡಿಗೆ ಚೀಟಿ ಕಳಿಸುವ ಹಾಗೆ ಬರೆದಿದ್ದೀರಿ. ಹೋಗಲಿ, ಬರೆದಿರಲ್ಲ. ಅದರಲ್ಲಿದ್ದ ಪ್ರಶ್ನೆಗಳೆಲ್ಲ ಕುಂಬಳಕಾಯಿಯ ಬಗ್ಗೆಯೇ. ಯಾವಾಗ ಬರುತ್ತೀ ಎಂಬ ಪ್ರಶ್ನೆ ಎಲ್ಲಾದರೂ ಅಡಗಿ ಕೂತಿದೆಯೇನೋ ಎಂದು ಕಾಗದ ತಿರುಗಿಸಿ ನೋಡಿದೆ. ಹಿಂದೆ ಇದ್ದದ್ದು ಓವನ್ನಿನ ತಟ್ಟೆಯ ನಕ್ಷೆ, ಸ್ಕೇಲ್ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಕ್ಕನ ಕಣ್ಣು ವಾಸಿಯಾಗಿದೆ. ಈಗ ಎದುರುಮನೆಯ ತಂತಿಯ ಮೇಲೆ ಒಣಗಿದ ಬಟ್ಟೆಯಲ್ಲಿ ಎಷ್ಟು ಕಲೆ ಉಳಿದಿದೆ ಎಂದು ಇಲ್ಲಿಂದಲೇ ಹೇಳುತ್ತಾಳೆ. ಭಾವ ರೇಡಿಯೊ ಹಚ್ಚಿಕೊಂಡು ನಿದ್ದೆ ಮಾಡುತ್ತಾರೆ, ಆರಿಸಿದರೆ ಏಳುತ್ತಾರೆ. ನನಗೆ ಕೆಲಸವೇ ಇಲ್ಲ. ಬಂದಾಗಿನಿಂದ ಚಾಕು ಮುಟ್ಟಿಲ್ಲ. ಅಂಗೈಯಲ್ಲೊಂದು ಸಣ್ಣ ಸುಟ್ಟ ಗಾಯವಿದೆ, ಅದು ಇಸ್ತ್ರಿ ಪೆಟ್ಟಿಗೆ ತಗುಲಿದ್ದು. ಕೈ ಹೇಗಿದೆ ಎಂದು ನೀವೇನೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ನಾನು ಇಲ್ಲಿಗೆ ಬಂದಿದ್ದಾಗ ನೀವು ನಮ್ಮ ಹೋಟೆಲಿನ ಹಳೆಯ ಓವನ್ನನ್ನು ಗುಜರಿಯವನಿಗೆ ಕೊಟ್ಟು, ಗಾಜಿನ ಬಾಗಿಲಿನ ಹೊಸದನ್ನು ತಂದು ನಿಲ್ಲಿಸಿದಿರಿ. ನಾನು ವಾಪಸ್ ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅದರ ಪಕ್ಕದಲ್ಲಿ ನಿಂತಿದ್ದಿರಿ. ಇನ್ಮೇಲೆ ನಿನ್ನ ಕೈ ಸುಡಲ್ಲ ಕಣೇ, ಬಾಗಿಲು ಹೇಗೆ ಕೂತಿದೆ ನೋಡು, ಕೂದಲೆಳೆ ಕೂಡ ತೂರಲ್ಲ ಅಂದಿರಿ. ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದೆ. ಕೇಳಿದ್ರೆ ನೀನು ಬೇಡ ಅಂತಿದ್ದೆ ಅಂದಿರಿ. ಅದು ನಿಜ. ಆದರೂ ಕೇಳಬೇಕಿತ್ತು.

ಆಮೇಲೆ ಅದರಿಂದ ನಾನು ತೆಗೆದ ಕುಂಬಳ ಜ್ವರದವರ ಪಥ್ಯದಂತಿತ್ತು. ಬಣ್ಣವಿಲ್ಲ, ಅಂಚಿಲ್ಲ, ಚಮಚ ತಾಗಿಸಿದರೆ ಕುಸಿಯುತ್ತಿತ್ತು. ಹೋಟೆಲಿನ ಎದುರು ಕ್ಲಿನಿಕ್ ಇರುವ ಹಲ್ಲಿನ ಡಾಕ್ಟರು, ಇದೇನಮ್ಮಾ, ನನ್ನ ಪೇಷೆಂಟುಗಳಿಗೆ ಮಾಡಿದ ಹಾಗಿದೆ ಎಂದು ನಕ್ಕರು. ಮೇಜಿನಲ್ಲಿದ್ದವರೆಲ್ಲ ನಕ್ಕರು. ನೀವೂ ನಕ್ಕಿರಿ. ನಾನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಬಸ್ಸು ಹತ್ತಿದೆ.

ಈಗ ನೀವೇ ಅಡುಗೆಗೆ ನಿಂತಿದ್ದೀರಿ, ಕುಂಬಳ ನಿಮಗೂ ಬಗ್ಗುತ್ತಿಲ್ಲ, ಡಾಕ್ಟರು ಅದನ್ನು ತಟ್ಟೆಯ ಅಂಚಿಗೆ ತಳ್ಳಿ ಉಳಿದದ್ದನ್ನು ತಿಂದು ಎದ್ದು ಹೋಗುತ್ತಾರೆ ಎಂದು ಬರೆದಿದ್ದೀರಿ. ಹೀಗೇ ಆದರೆ ಸೋಮವಾರದಿಂದ ಕುಂಬಳ ನಿಲ್ಲಿಸಿ ಬೇಯಿಸಿದ ಆಲೂಗಡ್ಡೆ ಕೊಡುತ್ತೇನೆ ಎಂದೂ ಬರೆದಿದ್ದೀರಿ. ಆ ಸಾಲನ್ನು ಓದಿ ನನಗೆ ರಾತ್ರಿ ಊಟ ಸೇರಲಿಲ್ಲ. ನಂಜಿಕೊಳ್ಳಲು ಕೊಡುವ ಒಂದು ಮುಷ್ಟಿ ಹುರಿದ ಕುಂಬಳಕ್ಕಾಗಿ ನಾಲ್ಕು ಬೀದಿ ದಾಟಿ ಬರುವ ಜನ ನಮ್ಮವರು. ತಟ್ಟೆಯಿಂದ ಅದು ಹೋದ ಮೇಲೆ ಆ ಅಡುಗೆಮನೆಯಲ್ಲಿ ನನಗೇನು ಕೆಲಸ? ಆಲೂಗಡ್ಡೆ ಬೇಯಿಸಲು ನೀವೊಬ್ಬರೇ ಸಾಕು.

ಆದ್ದರಿಂದ ಗಮನವಿಟ್ಟು ಓದಿ.

ಉದ್ದ ಕುತ್ತಿಗೆಯ ಸಿಹಿಗುಂಬಳವನ್ನೇ ತನ್ನಿ. ತರಕಾರಿಯವಳು ದೊಡ್ಡದನ್ನು ತೋರಿಸಿ ನಿಮ್ಮನ್ನು ಮರುಳು ಮಾಡುತ್ತಾಳೆ. ಗಾತ್ರ ನೋಡಬೇಡಿ, ಎತ್ತಿ ನೋಡಿ. ನೋಡಿದ್ದಕ್ಕಿಂತ ಎತ್ತಿದಾಗ ಭಾರವಾಗಿರಬೇಕು. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಸುಮ್ಮನೆ ಬೆರಳ ಗೆಣ್ಣಿನಿಂದ ಕುಟ್ಟಿ ಕೇಳಬೇಡಿ, ಅದು ಹಲಗೆಯಲ್ಲ.

ಮೊದಲು ಬುಡವನ್ನು ಒಂದು ಬಿಲ್ಲೆಯಷ್ಟು ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಆಗ ಉರುಳುವುದಿಲ್ಲ. ಕುತ್ತಿಗೆ ಹೊಟ್ಟೆಗೆ ಸೇರುವಲ್ಲಿ ಅಡ್ಡ ಕತ್ತರಿಸಿ ಎರಡು ಮಾಡಿ. ಸಿಪ್ಪೆ ತೆಗೆಯಿರಿ, ಕೆಳಗಿನ ಹಸಿರು ಗೆರೆಗಳೂ ಹೋಗಬೇಕು, ಅವು ಬೇಯುವುದಿಲ್ಲ. ಹೊಟ್ಟೆಯೊಳಗಿನ ಬೀಜ, ನಾರು ಚಮಚದಿಂದ ಕೆರೆದು ತೆಗೆಯಿರಿ. ಕುತ್ತಿಗೆ ಗಟ್ಟಿ, ಹೊಟ್ಟೆ ಮೆತ್ತಗೆ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಒಂದು ಹಸಿ, ಒಂದು ಮುದ್ದೆ. ಕುತ್ತಿಗೆಯ ಹೋಳು ಚಿಕ್ಕದಿರಲಿ, ಹೊಟ್ಟೆಯದು ತುಸು ದೊಡ್ಡದು. ನೀವು ಮೂಲೆಮಟ್ಟ ಹಿಡಿದು ಮೂಲೆ ನೋಡುತ್ತೀರಿ ಎಂದು ಗೊತ್ತು. ದಯವಿಟ್ಟು ಬೇಡ. ಚೂರು ಓರೆಕೋರೆ ಇದ್ದರೆ ಆ ಮೂಲೆ ಮೊದಲು ಕೆಂಪಾಗುತ್ತದೆ, ಜನ ಜಗಳವಾಡಿ ತಿನ್ನುವುದು ಅದನ್ನೇ.

ಹೋಳುಗಳನ್ನು ಬಟ್ಟೆಯಲ್ಲಿ ಒರೆಸಿ. ಎಣ್ಣೆ ಮೈಗೆ ಹತ್ತುವಷ್ಟು ಸಾಕು, ತಳದಲ್ಲಿ ನಿಲ್ಲಬಾರದು. ಉಪ್ಪು, ಕಾಳುಮೆಣಸಿನ ಪುಡಿ ಓವನ್ನಿಗೆ ಇಡುವ ಗಳಿಗೆಯಲ್ಲಿ ಹಾಕಿ. ಕೆಲಸ ಮುಗಿದಿರಲಿ ಅಂತ ಬೆಳಿಗ್ಗೆಯೇ ಉಪ್ಪು ಹಚ್ಚಿ ಇಟ್ಟಿದ್ದೆ ಎಂದು ಬರೆದಿದ್ದೀರಿ. ಅದಕ್ಕೇ ಅದು ಮಧ್ಯಾಹ್ನದವರೆಗೆ ಕೂತು ನೀರು ಬಿಟ್ಟಿದೆ. ಓವನ್ ಚೆನ್ನಾಗಿ ಕಾಯಲಿ, ಖಾಲಿ ತಟ್ಟೆಯೂ ಒಳಗೇ ಕಾಯಲಿ. ಹೋಳು ಬಿದ್ದಾಗ ಚುರ್ ಎನ್ನಬೇಕು. ತಳ ಕೆಂಪಾದರೆ ಅದು ತಾನಾಗಿ ತಟ್ಟೆ ಬಿಡುತ್ತದೆ. ಬಿಡದಿದ್ದರೆ ಇನ್ನೂ ಆಗಿಲ್ಲ, ಕೆರೆಯಬೇಡಿ. ಒಂದೇ ಸಲ ಮಗುಚಿ. ಜಜ್ಜಿದ ಬೆಳ್ಳುಳ್ಳಿ ಮಗುಚಿದ ಮೇಲೆ, ಮೊದಲೇ ಹಾಕಿದರೆ ಕಹಿ. ಇಳಿಸಿದ ಮೇಲೆ ನಿಂಬೆ ಹಿಂಡಿ. ಮುಚ್ಚಳ ಮುಚ್ಚಬೇಡಿ.

ಇನ್ನು ನಿಮ್ಮ ನಕ್ಷೆ. ಅದನ್ನು ನೋಡಿ ಅಕ್ಕ, ನಾನು, ಇಬ್ಬರೂ ಬಹಳ ಹೊತ್ತು ನಕ್ಕೆವು. ತಟ್ಟೆಯ ತುಂಬ ಚೌಕ ಚೌಕ ಹೋಳು, ಒಂದಕ್ಕೊಂದು ಅಂಟಿ, ಮೂಲೆಗೆ ಮೂಲೆ ಕೂಡಿಸಿ. ಎಲ್ಲೂ ಜಾಗ ದಂಡವಾಗಿಲ್ಲ ಎಂದು ಕೆಳಗೆ ಬರೆದಿದ್ದೀರಿ. ನೀವು ಜೋಡಿಸಿದ್ದು ಕುಂಬಳವಲ್ಲ, ಮೇಜಿನ ಹಲಗೆ. ಇಷ್ಟು ವರ್ಷ ಹಿತ್ತಲಿನ ಶೆಡ್ಡಿನಲ್ಲಿ ಕೂತು ಸಂದು ಕಂಡಲ್ಲೆಲ್ಲ ಮುಚ್ಚಿದ ಕೈ ಅದು, ಅದರ ತಪ್ಪೇನಿದೆ. ಆದರೆ ಅಂಟಿಕೊಂಡ ಹೋಳುಗಳು ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತವೆ, ಹುರಿಯುವುದಿಲ್ಲ. ಎರಡು ಹೋಳಿನ ನಡುವೆ ಬೆರಳು ತೂರುವಷ್ಟು ಸಂದು ಬಿಡಿ. ಒಂದು ತಟ್ಟೆ ಸಾಲದಿದ್ದರೆ ಎರಡು ಮಾಡಿ.

ನನಗೆ ಗೊತ್ತಿರುವುದು ಇಷ್ಟೇ. ನಿಮ್ಮ ಆ ಹೊಸ ಓವನ್ನಿನಲ್ಲಿ ಇದು ಬರುತ್ತದೋ ಇಲ್ಲವೋ ನಾನು ಹೇಳಲಾರೆ. ನಾನು ಬಲ್ಲದ್ದು ಹಳೆಯದನ್ನು. ಕೊಂಡಿ ಮುರಿದು ಅದರ ಬಾಗಿಲು ಮುಚ್ಚಿ ನಿಲ್ಲದಾದಾಗ ನೀವು ಕೆತ್ತಿಕೊಟ್ಟ ಮರದ ಬೆಣೆ ಸಿಕ್ಕಿಸುತ್ತಿದ್ದೆನಲ್ಲ, ಅದನ್ನೂ ಗುಜರಿಯವನು ಒಯ್ದನೇನೋ.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಬೆಕ್ಕಿಗೆ ಅನ್ನ ಹಾಕಿ.

ಇಂತಿ,
ಮನೆಯವಳು,
ಸದ್ಯಕ್ಕೆ ಅಕ್ಕನ ಮನೆಯವಳು

ತಾ. ಕ.: ಕವರು ಅಂಟಿಸುವಷ್ಟರಲ್ಲಿ ಅಕ್ಕ ತನ್ನ ಹೊಸ ಕಣ್ಣಿನಿಂದ ಇದನ್ನು ಪೂರ್ತಿ ಓದಿ, ಇಷ್ಟು ಸುಳ್ಳು ಬರೀತೀಯಲ್ಲೇ, ಕೈ ನಡುಗಲ್ವಾ ಅಂದಳು. ಅದಕ್ಕೇ ಮತ್ತೆ ಪೆನ್ನು ಹಿಡಿದಿದ್ದೇನೆ.

ಇವರ ಮನೆಯ ಓವನ್ನಿಗೂ ಗಾಜಿನ ಬಾಗಿಲು, ಕೂದಲೆಳೆ ತೂರದ್ದು. ಬಂದ ದಿನದಿಂದ ನಾನು ಅದರ ಮುಂದೆಯೇ ಮಣೆ ಹಾಕಿಕೊಂಡು ಕೂತಿದ್ದೇನೆ. ಅಂಗೈ ಸುಟ್ಟದ್ದು ಇಸ್ತ್ರಿ ಪೆಟ್ಟಿಗೆಯಲ್ಲ. ಮೂರು ಹೊತ್ತೂ ಕುಂಬಳ ತಿಂದು ಭಾವ ಅದರ ಹೆಸರೆತ್ತಿದರೆ ರೇಡಿಯೊ ಜೋರು ಮಾಡುತ್ತಾರೆ. ನಾನು ಎದ್ದು ಬಂದದ್ದು ಕೋಪದಿಂದ ಎಂದು ನೀವು ತಿಳಿದಿದ್ದೀರಿ, ನಾನೂ ಹಾಗೇ ನಡೆದುಕೊಂಡೆ. ಅದು ಹೆದರಿಕೆ. ಜನ ಇಷ್ಟು ವರ್ಷ ಹೊಗಳಿದ್ದು ನನ್ನ ಕೈಯನ್ನೋ, ಆ ತುಕ್ಕು ಹಿಡಿದ ಓವನ್ ಪೆಟ್ಟಿಗೆಯನ್ನೋ ಎಂಬುದು ನನಗೇ ಗೊತ್ತಿರಲಿಲ್ಲ. ನನ್ನದೇ ಕೈ ಎಂದು ಗೊತ್ತಾಗುವ ತನಕ ನಿಮ್ಮೆದುರು ನಿಲ್ಲಲು ಮನಸ್ಸಾಗಲಿಲ್ಲ.

ನಿನ್ನೆ ಗೊತ್ತಾಯಿತು. ಕೈಯೂ ಅಲ್ಲ, ಪೆಟ್ಟಿಗೆಯೂ ಅಲ್ಲ. ಗಾಜಿನ ಒಳಗೆ ಹಬೆ ಕಟ್ಟಿ ಹನಿ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ನಿಮ್ಮ ಬೆಣೆ ನೆನಪಾಯಿತು. ಅದು ಬಾಗಿಲನ್ನು ಹಿಡಿದು ನಿಲ್ಲಿಸುತ್ತಿತ್ತು ಎಂದೇ ನಾವಿಬ್ಬರೂ ತಿಳಿದಿದ್ದೆವು. ಅದು ಬೆರಳಗಲ ಸಂದನ್ನೂ ಕಾಯುತ್ತಿತ್ತು, ಹಬೆಯೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಅಕ್ಕನ ಮರದ ಸೌಟಿನ ಹಿಡಿಯನ್ನು ಬಾಗಿಲಿಗೆ ಅಡ್ಡ ಇಟ್ಟು ಕೊನೆಯ ಸುತ್ತು ಹುರಿದೆ. ಅಂಚೆಲ್ಲ ಕೆಂಪಾಯಿತು. ಭಾವ ತಟ್ಟೆ ಚಾಚಿ ಎರಡನೇ ಸಲ ಹಾಕಿಸಿಕೊಂಡರು.

ನಿಮ್ಮ ಹೊಸ ಬಾಗಿಲಿಗೊಂದು ಬೆಣೆ ಕೆತ್ತಿಡಿ. ಅಳತೆ ಈ ಹಾಳೆಯ ಹಿಂದೆ ಬಿಡಿಸಿದ್ದೇನೆ, ಸ್ಕೇಲ್ ಇಲ್ಲದೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕುಂಬಳಕಾಯಿ ತಂದಿಡಿ, ಕತ್ತರಿಸಬೇಡಿ.