ಒಬ್ಬ ಗಂಡ, ನಾಲ್ಕು ಫೈಲು

ಹಲಸೂರು, ಬೆಂಗಳೂರು
12 ಆಗಸ್ಟ್ 2007, ಭಾನುವಾರ

ನನ್ನ ಪ್ರೀತಿಯ ಆಫೀಸರಮ್ಮ ಶಾಂತಾ,

ರಾಯಚೂರಿನ ಬಿಸಿಲಿಗೆ ನಿನ್ನ ತಲೆನೋವು ಹೇಗಿದೆ? ಹೊಸ ಶಾಖೆಯವರು ಹೇಳಿದ ಮಾತು ಕೇಳುತ್ತಾರೋ, ಅಥವಾ ಅವರೂ ನಿನ್ನ ಗಂಡನ ಹಾಗೆಯೋ? ಬಡ್ತಿ ಬಿಟ್ಟು ವಾಪಸ್ ಬರುವ ಅರ್ಜಿ ಬರೆದಿಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಇದನ್ನು ಓದಿ ಮುಗಿಸುವ ತನಕ ಅದನ್ನು ಯಾರ ಕೈಗೂ ಕೊಡಬೇಡ.

ಪರೀಕ್ಷೆಗೆಂದು ಕಾಲಿನಿಂದ ತೆಗೆದಿದ್ದ ಮೂಳೆಯ ಚೂರಿನ ವರದಿ ಶುಕ್ರವಾರ ಬಂತು. ನೀನು ಗೆದ್ದೆ! ಮಂಡಿಯ ಮೇಲೆ ಕೆಳಗೆ ನೋವು, ತೀರದ ದಾಹ, ರೆಪ್ಪೆಯ ಹಳದಿ ಗಂಟು, ಮುಂದಕ್ಕೆ ಬಂದ ಬಲಗಣ್ಣು, ಎಲ್ಲವೂ ಒಂದೇ ಕಾಯಿಲೆ. ಹೆಸರು ಎರ್ಡ್‌ಹೈಮ್-ಚೆಸ್ಟರ್. ಇಬ್ಬರು ಡಾಕ್ಟರುಗಳ ಹೆಸರಂತೆ. ನಾನು ಕಂಟೋನ್ಮೆಂಟಿನ ಹಳೇ ಷೂ ಅಂಗಡಿ ಅಂದುಕೊಂಡೆ. ಮೈಯೊಳಗೆ ಕಸ ತೆಗೆಯುವ ಹಿಸ್ಟಿಯೋಸೈಟ್ ಎಂಬ ಕಣಗಳಿವೆಯಂತೆ. ಗುಡಿಸಲು ಬಂದ ಅವು ಸಿಕ್ಕಸಿಕ್ಕಲ್ಲಿ ಗುಡಿಸಲು ಹಾಕಿಕೊಂಡಿವೆ: ಮೂಳೆಯಲ್ಲಿ, ಕಣ್ಣಿನ ಹಿಂದೆ, ತಲೆಯೊಳಗೆ ನೀರಿನ ಲೆಕ್ಕ ನೋಡುವ ಗ್ರಂಥಿಯಲ್ಲಿ.

ಮೂರು ವರ್ಷ ನಾನು ಎಷ್ಟು ಬಾಗಿಲು ಕಾದೆ! ನಮ್ಮ ಕಾರ್ಖಾನೆಯ ದವಾಖಾನೆಯಲ್ಲಿ ಒಂದು ಚೀಟಿಗೆ ಒಂದೇ ದೂರು. ಹಾಗಾಗಿ ಕಣ್ಣಿನವರಿಗೆ ಕಾಲು ಕಾಣಲಿಲ್ಲ, ಕಾಲಿನವರಿಗೆ ಕಾಲ ಇರಲಿಲ್ಲ. ದಾಹಕ್ಕೆಂದು ಸಕ್ಕರೆ ಪರೀಕ್ಷೆ ಮಾಡಿದರು. ಸಕ್ಕರೆ ಸರಿಯಾಗಿಯೇ ಇತ್ತು, ತಂಬಿಗೆ ಮಾತ್ರ ಖಾಲಿ. ಪಕ್ಕದ ಮನೆಯ ಚಾಂದ್ ಬೀ, "ಕ್ಯಾ ಸಾಬ್, ನೀವು ಹಿಂಗೆ ಕುಡುದ್ರೆ ಕೆರೇಲಿ ದೋಣಿ ಬಿಡೋರು ಏನ್ ಮಾಡ್ಬೇಕು?" ಎಂದು ನಕ್ಕಿದ್ದೇ ನಕ್ಕಿದ್ದು.

ನೀನು ನಗಲಿಲ್ಲ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಸತ್ತವರ ಕಾಗದ ಜೋಡಿಸಿದ ಕೈ, ಬದುಕಿರುವವನದನ್ನೂ ಜೋಡಿಸಿತು. ಜೂನ್‌ನಲ್ಲಿ ರಾಯಚೂರಿನ ರೈಲು ಹತ್ತುವ ಹಿಂದಿನ ದಿನ ಎರಡೂ ಕಾಲಿನ ಎಕ್ಸ್‌ರೇ ಕಿಟಕಿಗೆ ಹಿಡಿದು, "ನೋಡ್ರೀ, ಎರಡರಲ್ಲೂ ಒಂದೇ ಜಾಗ ಬೆಳ್ಳಗಿದೆ" ಎಂದೆ. ಜೋಡಿ ಅಂದರೆ ಹಾಗಿರಬೇಕು ಎಂದು ನಾನು ಚಟಾಕಿ ಹಾರಿಸಿದೆ. "ಸುಮ್ನಿರ್ರೀ! ಒಬ್ಬ ಮನುಷ್ಯನಿಗೆ ನಾಲ್ಕು ಫೈಲ್ ಯಾಕೆ?" ಎಂದು ನೀನು ಗದರಿ, ಎಲ್ಲಕ್ಕೂ ಒಂದೇ ಟ್ಯಾಗು ಪೋಣಿಸಿ ದೊಡ್ಡಾಸ್ಪತ್ರೆಯ ಡಾಕ್ಟರ್ ರಂಜನಾ ಅವರ ಮೇಜಿನ ಮೇಲಿಟ್ಟೆ.

ಮೊನ್ನೆ ಆಕೆ ಎಳೆಯ ಡಾಕ್ಟರುಗಳ ಗುಂಪಿಗೆ ನನ್ನ ರೆಪ್ಪೆ, ಮಂಡಿ ತೋರಿಸಿ ಪಾಠ ಮಾಡಿದರು. ಕೊನೆಗೆ, "ಇದನ್ನೆಲ್ಲಾ ಮೊದ್ಲು ಒಟ್ಟಿಗೆ ನೋಡಿದ್ದು ನಾವ್ಯಾರೂ ಅಲ್ಲ, ಇವರ ಮಿಸೆಸ್" ಎಂದರು. ಶಾಂತಾ, ಆಸ್ಪತ್ರೆ ಹಾಸಿಗೆಯ ಮೇಲೆ ಬರೀ ಚಡ್ಡಿಯಲ್ಲಿ ಕೂತು ಎದೆಯುಬ್ಬಿಸಿದ ಗಂಡಸು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಮೂಗಿನ ಸ್ಪ್ರೇಯಿಂದ ದಾಹ ತಗ್ಗಿದೆ. ಮಿಕ್ಕದ್ದಕ್ಕೆ ವಾರಕ್ಕೆ ಮೂರು ಇಂಜೆಕ್ಷನ್. ವಾಸಿಯಾಗುತ್ತದೆಂದು ಡಾಕ್ಟರು ಮಾತು ಕೊಡಲಿಲ್ಲ. ತಡೆದು ನಿಲ್ಲಿಸಬಹುದು ಎಂದರು. ಎದೆಯ ದೊಡ್ಡ ರಕ್ತನಾಳಕ್ಕೂ ಈ ಕಾಯಿಲೆ ಸುತ್ತ ದಪ್ಪ ಪದರದ ಕೋಟು ತೊಡಿಸಿದೆಯಂತೆ. ಮದುವೆಯ ದಿನ ಕೂಡ ಕೋಟು ಹಾಕದವನಿಗೆ!

ನಿನ್ನ ಕೈಕೆಳಗಿನವರಿಗೆ ನನ್ನ ಸಹಾನುಭೂತಿ, ನಿನಗೆ ನನ್ನ ಪ್ರೀತಿ.

ಇಂತು ನಿನ್ನ,
ಹಯಗ್ರೀವ

ತಾ.ಕ.: ಆ ಅರ್ಜಿ ಹರಿದುಹಾಕು. ನಿನ್ನಂಥವಳು ಕೂರಬೇಕಾದ ಕುರ್ಚಿ ಅದು, ನನ್ನ ಕಾಲುನೋವಿಗಾಗಿ ಬಿಡಬೇಡ. ಆದರೆ ಇಪ್ಪತ್ತನೇ ತಾರೀಖು ಸೋಮವಾರ ಮೊದಲ ಇಂಜೆಕ್ಷನ್. ಎರಡು ದಿನ ರಜೆ ಹಾಕಿ ಬಾ. ನನಗೆ ಭಯವಾಗುತ್ತಿದೆ ಕಣೇ.