ಒಂದು ತೂತೋ, ನಾಲ್ಕು ತೂತೋ

ಮಾರ್ಚ್ ೧೧, ಬುಧವಾರ. ಕಳಮಶ್ಶೇರಿ

ಬೆಳಿಗ್ಗೆಯಿಂದ ಹೊಲಿಗೆ ತುರಿಸುತ್ತಿದೆ, ಕೆರೆಯುವಂತಿಲ್ಲ. ಆದರೂ ಆಸ್ಪತ್ರೆಯಿಂದ ಮನೆಗೆ ಬಂದೆನಲ್ಲ, ಅದೇ ಹಬ್ಬ. ಪಿತ್ತಕೋಶವಿಲ್ಲದ ಹೊಟ್ಟೆಗೆ ಇವತ್ತು ಎರಡು ಇಡ್ಲಿ ಸಲೀಸಾಗಿ ಇಳಿದವು.

ಇವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಖರೀದಿ ವಿಭಾಗದ ಕೆಲಸ. ಒಂದು ಫ್ಯಾನ್ ಕೊಳ್ಳುವುದಕ್ಕೂ ತುಲನಾ ಪಟ್ಟಿ ಬೇಕು. ನನ್ನ ಆಪರೇಷನ್ನಿಗೂ ಒಂದು ತಯಾರಿಸಿದರು, ಇಂಗ್ಲಿಷಿನಲ್ಲಿ. ಒಂದು ಕಡೆ ಹೊಕ್ಕುಳಲ್ಲಿ ಒಂದೇ ತೂತು, ಇನ್ನೊಂದು ಕಡೆ ಹೊಟ್ಟೆಯ ಮೇಲೆ ನಾಲ್ಕು. ಕಲೆ, ನೋವು, ಸಮಯ, ಎಲ್ಲಕ್ಕೂ ಅಂಕ ಹಾಕಿ ಒಂದು ತೂತನ್ನೇ ಗೆಲ್ಲಿಸಿ, ಆಪರೇಷನ್ ಮಾಡಲಿದ್ದ ಡಾಕ್ಟರ್ ರೀನಾ ಅವರ ಮುಂದಿಟ್ಟರು. ನನಗೆ ನಾಚಿಕೆಯಿಂದ ಜೀವ ಹೋದಂತಾಯಿತು.

ಆಕೆ ಗಂಭೀರವಾಗಿ ಓದಿ, ಮಲಯಾಳಿ ಧಾಟಿಯಲ್ಲಿ "ಸಾರೇ," ಎಂದು ಶುರುಮಾಡಿದರು. ಪಿತ್ತಕೋಶ ಊದಿಕೊಂಡಿದೆಯಂತೆ, ಒಂದೇ ತೂತಿನಲ್ಲಿ ಸಲಕರಣೆ ಆಡಿಸಲು ಜಾಗ ಸಾಲದಂತೆ, ನಾಲ್ಕಿದ್ದರೆ ಒಳಗೆ ಎಲ್ಲ ಸ್ಪಷ್ಟವಾಗಿ ಕಾಣುವುದಂತೆ. ಇವರು ಅಲ್ಲೇ ಪೆನ್ನು ತೆಗೆದು ಅಂಕ ತಿದ್ದಿದರು. ಸಾಲದ್ದಕ್ಕೆ ಸಹಿಯನ್ನೂ ಕೇಳಿದರು! ಆಕೆ ನಗುತ್ತಾ ಹಾಕಿಕೊಟ್ಟರು.

ಈಗ ಮಾತ್ರೆ ಚೀಟಿ ಹುಡುಕುವಾಗ ಆ ಹಾಳೆ ಸಿಕ್ಕಿತು. ಕೊನೆಯ ಷರಾ ಕಲಮನ್ನು ನಾನು ಅಂದು ನೋಡಿರಲಿಲ್ಲ. ಅದೊಂದು ಮಾತ್ರ ಕನ್ನಡದಲ್ಲಿದೆ: "ವಿಧಾನ ಯಾವುದೇ ಇರಲಿ, ಹೆಂಡತಿಯನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು."

ಕನ್ನಡದ ಗಂಧವಿಲ್ಲದ ಡಾಕ್ಟರು ಅದರ ಕೆಳಗೇ ಸಹಿ ಹಾಕಿದ್ದಾರೆ, ಸೀಲು ಸಮೇತ.

ನಕ್ಕುಬಿಟ್ಟೆ. ನಾಲ್ಕೂ ಹೊಲಿಗೆ ಒಟ್ಟಿಗೆ ಜಗ್ಗಿದವು. "ಏನಾಯ್ತೇ, ನೋವಾ?" ಎನ್ನುತ್ತಾ ಅಡುಗೆಮನೆಯಿಂದ ಬರುತ್ತಿದ್ದಾರೆ. ಹೌದೆನ್ನಲೋ, ಇಲ್ಲವೆನ್ನಲೋ