ಸಮುದ್ರಕ್ಕೆ ಬೆನ್ನು ಕೊಟ್ಟ ದಿನ

ಹಂಪನಕಟ್ಟೆ ದಕ್ಕೆ, ಮಂಗಳೂರು
ಹದಿಮೂರನೇ ತಿಂಗಳ ಇಪ್ಪತ್ನಾಲ್ಕು, ೨೨೮೬

ಸಂಜೆ ಹೊತ್ತು ಹಡಗು ನೋಡಲು ಹೋಗುತ್ತಿದ್ದ ನನ್ನ ಹಿರಿಯರಿಗೆ,

ತಾರೀಕು ಓದಿ ಗಾಬರಿಯಾಗಬೇಡಿ. ನಾವು ತಿಂಗಳನ್ನು ಉಬ್ಬರ ಇಳಿತ ನೋಡಿ ಎಣಿಸುವವರು, ಹಾಗಾಗಿ ವರ್ಷಕ್ಕೆ ಹದಿಮೂರು ತಿಂಗಳು ಬರುತ್ತವೆ. ನನ್ನ ಮಾತು ವಿಚಿತ್ರ ಕಂಡರೂ ಕ್ಷಮಿಸಬೇಕು. ಓದಿದ್ದು ಐದನೆಯವರೆಗೆ, ಅದೂ ಸರಿಯಾಗಿ ಅಲ್ಲ. ಶಾಲೆಗೆ ನೀರು ನುಗ್ಗಿದ್ದು ಇಳಿಯಲೇ ಇಲ್ಲ. ಈ ಕಾಗದ ನಿಮಗೆ ಹೇಗೆ ಮುಟ್ಟೀತು ಎಂಬುದು ಬೇರೆ ಚಿಂತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇವತ್ತು ಇಲ್ಲಿ ಯಾರ ಮುಖ ನೋಡುವುದಕ್ಕೂ ನಾಚಿಕೆಯಾಗುತ್ತದೆ.

ನನ್ನ ಹೆಸರು ವಾರಿಜಾ. ಬೋಟುಗಳು ಬಂದು ನಿಲ್ಲುವ ಈ ದಕ್ಕೆಯಲ್ಲಿ ನಾನು ಕೈಯವಳು. ನಿಮ್ಮ ಕಾಲದಲ್ಲಿ ಈ ಕೆಲಸ ಇರಲಿಲ್ಲ, ಹೇಳುತ್ತೇನೆ. ನೀವು ನಡೆದಾಡಿದ ಬಂದರು ಬೀದಿ, ಸ್ಟೇಟ್‌ಬ್ಯಾಂಕಿನ ಬಸ್‌ಸ್ಟ್ಯಾಂಡು ಎಲ್ಲಾ ಈಗ ನೀರಿನಡಿ ಇವೆ. ತಾರಸಿಗಳು ಮೇಲಿಂದ ಕಾಣುವುದಿಲ್ಲ, ಬೋಟಿನ ತಳಕ್ಕೆ ಮಾತ್ರ ಗೊತ್ತಾಗುತ್ತವೆ. ಅವುಗಳ ನಡುವೆ ಒಂದೇ ದಾರಿ. ದೇರಳಕಟ್ಟೆಯ ಫೆರಿ ಬರಲಿ, ಹಾಯಿ ಕಟ್ಟಿದ ಮಂಜಿ ದೋಣಿ ಬರಲಿ, ಕೈಗಟ್ಟೆಯ ಮೇಲೆ ಒಬ್ಬರು ನಿಂತು ಕೈ ಎತ್ತಬೇಕು. ಕೈ ಎಡಕ್ಕೆ ವಾಲಿದರೆ ಬೋಟು ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಹೋಗುವ ಬೋಟಿಗೂ ಅಷ್ಟೆ, ಅಳಿವೆ ದಾಟುವವರೆಗೆ ಕೈ ಇಳಿಸುವಂತಿಲ್ಲ. ಮೀನು ಕೊಯ್ಯುವವರು, ಬಲೆ ಹೆಣೆಯುವವರು ಎಲ್ಲಾ ಒಂದು ಕಣ್ಣು ಆ ಕಡೆಗೇ ಇಟ್ಟಿರುತ್ತಾರೆ. ಬಂದ ಬೋಟಿನಿಂದ ಮೊದಲು ಇಳಿದವರು ಕೈಯವರ ಅಂಗೈ ಮುಟ್ಟಿಯೇ ಮನೆಗೆ ಹೋಗುವುದು. ಇಡೀ ದಕ್ಕೆಯಲ್ಲಿ ನನಗಿಷ್ಟವಾದ ಹೊತ್ತು ಅದು. ನನ್ನಂಥವಳ ಕೈಗೂ ಒಂದು ಬೆಲೆ ಬಂದ ಹಾಗೆ.

ಇವತ್ತು ಮಾತ್ರ ಬೆನ್ನುದಿನ. ಯಾವ ಬೋಟು ಬರಬಾರದೋ ಅದು ಬಂದಾಗ ದಕ್ಕೆಯ ಜನ ಎಲ್ಲಾ ಸಮುದ್ರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಬೈಯುವುದಿಲ್ಲ, ಕಲ್ಲೆಸೆಯುವುದಿಲ್ಲ. ಕೈ ಕಾಣದ ಬೋಟು ತಾನಾಗಿಯೇ ಹಿಂದೆ ಹೋಗುತ್ತದೆ. ಹೋಗಲಿಕ್ಕೆ ಜಾಗ ಇದ್ದರೆ.

ಈಗ ಬಂದಿರುವುದು ತೆಂಕಣ ದ್ವೀಪದವರ ಮಂಜಿ. ಅವರ ದ್ವೀಪ ಮೊನ್ನೆಯ ಉಬ್ಬರಕ್ಕೆ ಮುಳುಗಿ ಹೋಯಿತಂತೆ. ಹೆಂಗಸರು, ಮಕ್ಕಳು ಎಲ್ಲಾ ಅದರಲ್ಲೇ ಇದ್ದಾರೆ. ಕುಡಿಯುವ ನೀರು ಮುಗಿದಿದೆ ಅಂತ ತೋರಿಸಲಿಕ್ಕೆ ಬೆಳಿಗ್ಗೆಯಿಂದ ಖಾಲಿ ಕೊಡಪಾನ ಬಡಿಯುತ್ತಿದ್ದಾರೆ. ಸಂಜೆ ಇಳಿತ ಶುರುವಾದರೆ ದಾರಿ ಮುಚ್ಚುತ್ತದೆ, ಮತ್ತೆ ಕೈ ಎತ್ತಿದರೂ ಉಪಯೋಗ ಇಲ್ಲ. ದಕ್ಕೆಯ ಯಜಮಾನ ಲೋಹಿತಣ್ಣ ಕೆಟ್ಟವರಲ್ಲ. ನಮ್ಮ ಸಿಹಿನೀರಿನ ತೊಟ್ಟಿಯ ತಳ ಕಾಣುತ್ತಿದೆ, ಇದ್ದವರಿಗೇ ಸಾಲದು ಅಂದರು. ಅದು ಸುಳ್ಳಲ್ಲ. ಅದಕ್ಕೇ ನಾವೆಲ್ಲ ತಲೆ ತಗ್ಗಿಸಿ ತಿರುಗಿ ಕೂತೆವು.

ಕೂರದವರು ಒಬ್ಬರೇ, ನನ್ನ ಸೇಸಿ ದೊಡ್ಡಮ್ಮ. ನನಗೆ ಈ ಕೆಲಸ ಕಲಿಸಿದವರು ಅವರು, ಈಗ ಕಣ್ಣು ಕಾಣುವುದಿಲ್ಲ. ಕೊಡಪಾನದ ಸದ್ದು ಕೇಳಿದ್ದೇ ಕಟ್ಟೆ ಹತ್ತಿ ಕೈ ಎತ್ತಿದರು. ಲೋಹಿತಣ್ಣ ನನ್ನ ಕಡೆ ನೋಡಿ ನಗಾಡಿದರು: "ಕುರುಡಿಯ ಕೈ ನಂಬಿದರೆ ಮಂಜಿ ಸೀದಾ ಬಸ್‌ಸ್ಟ್ಯಾಂಡಿಗೇ ಹೋದೀತು ಮಾರಾಯ್ತಿ, ಇಳಿಸು ಅದನ್ನು." ನಾಲ್ಕು ಜನ ನಕ್ಕರು. ನಾನು ಎದ್ದು ಹೋಗಿ ದೊಡ್ಡಮ್ಮನ ಕೈ ಹಿಡಿದು ಇಳಿಸಿದೆ. ಅವರು ಎಳೆದಾಡಲಿಲ್ಲ. ನಾನು ಇಳಿಸಿದ್ದು ಅಂತ ನನ್ನ ಬೆರಳು ಮುಟ್ಟಿಯೇ ಗೊತ್ತಾಗಿತ್ತು ಅವರಿಗೆ.

ಆವಾಗಿಂದ ಸಮುದ್ರಕ್ಕೆ ಬೆನ್ನು ಹಾಕಿ ಇದನ್ನು ಬರೆಯುತ್ತಾ ಕೂತಿದ್ದೇನೆ. ನಿಮ್ಮ ಕಾಲದ ಒಂದು ಫೋಟೋ ನಮ್ಮ ದಕ್ಕೆಯ ಗೋಡೆಯಲ್ಲಿದೆ. ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದೀರಿ, ಕೈಯಲ್ಲಿ ಚರ್ಮುರಿಯ ಪೊಟ್ಟಣ. ದೂರದ ಒಂದು ಹಡಗಿಗೆ ಸುಮ್ಮನೆ ಕೈ ಬೀಸುತ್ತಿದ್ದೀರಿ. ಅದರಲ್ಲಿ ನಿಮ್ಮವರು ಯಾರೂ ಇರಲಿಕ್ಕಿಲ್ಲ. ನೀವು ನೀರು ಏರಿಸಿದವರು ಅಂತ ಇಲ್ಲಿ ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಇವತ್ತು ಆ ಫೋಟೋದ ಕಡೆಗೂ ನನಗೆ ಮುಖವೆತ್ತಲಾಗುತ್ತಿಲ್ಲ.

ದೊಡ್ಡಮ್ಮ ನನ್ನ ಪಕ್ಕವೇ ಇದ್ದಾರೆ. ಕೈ ಎತ್ತಿದರೆ ನನ್ನ ಪಾಲಿನ ನೀರು ನಿಲ್ಲಿಸುತ್ತಾರೋ, ಅಲ್ಲ ದಕ್ಕೆಯಿಂದಲೇ ಹೊರಗೆ ಹಾಕುತ್ತಾರೋ. ಹೆದರಿಕೆಗೆ ನನ್ನ ಕೈ ನಡುಗಿ ಮಂಜಿ ತಾರಸಿಗೆ ಬಡಿದರೆ ಏನು ಗತಿ. ಅಂತೆಲ್ಲ ಅವರ ಕಿವಿಯಲ್ಲಿ ಹೇಳಿಕೊಂಡೆ. ಅವರು ಈಗಷ್ಟೇ ಅಂದರು: "ನಡುಗದ ಕೈ ನನ್ನ ಹತ್ತಿರ ಉಂಟು ಮಗಾ. ನೀನು ಕಣ್ಣು ಕೊಟ್ಟರೆ ಸಾಕು."

ಹಿರಿಯರೇ, ನಿಮ್ಮಲ್ಲಿ ಒಂದೇ ಕೇಳಿಕೆ. ಗುರುತಿಲ್ಲದ ಹಡಗಿಗೆ ಸುಮ್ಮನೆ ಕೈ ಬೀಸುವುದನ್ನು ಬಿಡಬೇಡಿ, ಮಕ್ಕಳಿಗೂ ಅಭ್ಯಾಸ ಮಾಡಿಸಿ. ಅದು ನಮ್ಮವರೆಗೆ ಬರಬೇಕು.

ಕೊಡಪಾನದ ಸದ್ದು ನಿಧಾನವಾಗುತ್ತಿದೆ. ದೊಡ್ಡಮ್ಮ ಎದ್ದು ನಿಂತರು. ಅವರ ಮೊಣಕೈ ಹಿಡಿಯಲಿಕ್ಕೆ ನನ್ನ ಕೈ ಖಾಲಿ ಬೇಕು, ಬರೆಯುವುದು ಇಲ್ಲಿಗೆ ನಿಲ್ಲಿಸಿ ಸಮುದ್ರದ ಕಡೆ ತಿರುಗುತ್ತೇನೆ.